ಪೊಲೀಸರು ಶೋಧಕ್ಕೆ ಬಂದರೆ: ವಕೀಲರನ್ನು ಕೇಳಿ

ಬಿಟಿಎಂ ಪಿಜಿ ವಾಸಿ: ಸರ್, ಒಂದೇ ರೂಮಲ್ಲಿ ಮೂವರಿದ್ದೀವಿ. ಒಬ್ಬನ ಮೇಲೆ ಲ್ಯಾಪ್‌ಟಾಪ್ ಕಳವಿನ ಕೇಸು. ನಿನ್ನೆ ಪೊಲೀಸರು ಮೂವರ ಬೀರುನೂ ತೆಗೆಸಿದರು, ಪ್ಯಾಟರ್ನ್ ಕೇಳಿ ನನ್ನ ಫೋನ್ ಒಯ್ದರು, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು. ವಾರಂಟ್ ಇರಲಿಲ್ಲ.

ವಕೀಲರು: ವಾರಂಟ್ ಬಿಡಿ, ನನಗೆ ಚಿಂತೆ ಆ ಖಾಲಿ ಹಾಳೆಯದು. ಬಿಎನ್‌ಎಸ್‌ಎಸ್ ಅಂದರೆ ತನಿಖೆ, ಶೋಧ ಹೇಗೆ ನಡೀಬೇಕು ಅಂತ ಹೇಳೋ ಕಾನೂನು. ಅದರ 185ನೇ ಸೆಕ್ಷನ್‌ನಲ್ಲಿ ತನಿಖಾಧಿಕಾರಿ ವಾರಂಟಿಲ್ಲದೆಯೂ ಶೋಧಿಸಬಹುದು. ಆದರೆ ಏನು ಹುಡುಕಬೇಕು, ತಡವಾದರೆ ಯಾಕೆ ಆಗದು ಅನ್ನೋದನ್ನ ಹೊರಡೋ ಮೊದಲೇ ಬರೆದಿಡಬೇಕು. ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ರೂಮಿನ ವಾಸಿ ನೀವು. ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ನಿಮಗೂ ಉಚಿತವಾಗಿ ಪ್ರತಿ ಕೊಡಬೇಕು. ಲ್ಯಾಪ್‌ಟಾಪ್ ಹುಡುಕಲು ಬಂದವರು ಫೋನ್ ಯಾಕೆ ಒಯ್ದರು ಅನ್ನೋದು ಅಲ್ಲಿ ಗೊತ್ತಾಗತ್ತೆ.

ಅದೇ ಕಾನೂನಿನ 103ರ ಪ್ರಕಾರ ಇಬ್ಬರು ಸ್ವತಂತ್ರ ಪಂಚರ (ಸಾಕ್ಷಿಗಳ) ಎದುರು ಶೋಧ, ಅವರ ಸಹಿ ಇರುವ ಜಪ್ತಿ ಪಟ್ಟಿ, ಅದರ ಪ್ರತಿ ನಿಮ್ಮ ಕೈಗೆ. 105ರ ಪ್ರಕಾರ ಶೋಧದಿಂದ ಸಹಿವರೆಗೆ ಎಲ್ಲ ವಿಡಿಯೊ ಆಗಬೇಕು. ಖಾಲಿ ಹಾಳೆ ನಾಳೆ ಮಹಜರು (ಪಂಚರ ಎದುರು ಬರೆದ ಶೋಧದ ದಾಖಲೆ) ಆಗಬಹುದು. ಅದಕ್ಕೇ ಇವತ್ತೇ ಬರೆಯಿರಿ: ದಿನಾಂಕ, ಸಮಯ, ಎಷ್ಟು ಹಾಳೆ, ಫೋನಿನ ಐಎಂಇಐ (ಗುರುತಿನ ಸಂಖ್ಯೆ), ಪಂಚರು ಇದ್ದರಾ, ಪ್ಯಾಟರ್ನ್ ಯಾವ ಸನ್ನಿವೇಶದಲ್ಲಿ ಹೇಳಿದಿರಿ. ಒಂದು ಪ್ರತಿ ಠಾಣೆಗೆ, ಇನ್ನೊಂದರ ಮೇಲೆ ಠಾಣೆಯ ಸೀಲು, ಮತ್ತೊಂದು ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ.

ಫೋನ್ ಬಗ್ಗೆ: 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿದ್ದು, ಪಾಸ್‌ವರ್ಡ್ ಕೊಡಲ್ಲ ಅಂದರೆ ಪೊಲೀಸರು ಕೋರ್ಟಿಗೆ ಹೋಗಿ ಶೋಧ ವಾರಂಟ್ ತರಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು. ಫೋನ್ ವಾಪಸ್ ಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ 503ರ ಅರ್ಜಿ.

ರಾಜಾಜಿನಗರ: ಫಾರ್ವರ್ಡ್ ನೋಡಿ: “ವಾರಂಟ್ ಇಲ್ಲದೆ ಬಂದರೆ ಬಾಗಿಲು ತೆಗೀಬೇಡಿ, ಆರ್ಟಿಕಲ್ 21 (ಜೀವ, ಸ್ವಾತಂತ್ರ್ಯದ ಹಕ್ಕು) ಅನ್ನಿ, ಹೊರಟುಹೋಗ್ತಾರೆ.” ಎಲ್ಲರಿಗೂ ಕಳಿಸಿ 🙏

ವಕೀಲರು: ಯಾರಿಗೂ ಕಳಿಸಬೇಡಿ. ಕಾನೂನು ಅವಕಾಶ ಕೊಟ್ಟ ಶೋಧಕ್ಕೆ ಒಳಗೆ ಬಿಡದಿದ್ದರೆ ಬಾಗಿಲು ಮುರಿಯೋ ಅಧಿಕಾರ ಇದೆ. ಅಡ್ಡಿ ಮಾಡಿದರೆ ಬಿಎನ್‌ಎಸ್ (ಅಪರಾಧ, ಶಿಕ್ಷೆ ಹೇಳೋ ಕಾನೂನು) 221, ಮೂರು ತಿಂಗಳವರೆಗೆ ಜೈಲು. ಬಾಗಿಲು ತೆಗೀರಿ, ಗುರುತಿನ ಚೀಟಿ ಕೇಳಿ, ಜೊತೆಗೇ ನಿಂತು ನೋಡಿ.

ಯಲಹಂಕ: ಅಪಾರ್ಟ್‌ಮೆಂಟ್ ಗೇಟಲ್ಲಿ ಮನೆಗೆಲಸದವರ ಬ್ಯಾಗ್ ಚೆಕ್ ಮಾಡ್ತಾರೆ, ಅದಕ್ಕೆ ಅಧಿಕಾರ ಇದೆಯಾ ಸರ್?

ಜಯನಗರ: ತಪ್ಪು ಮಾಡದವರಿಗೆ ಯಾಕ್ರೀ ಭಯ?

ವಿಜಯನಗರ: ಹಾಗಾದ್ರೆ ನಿಮ್ಮ ಫೋನ್ ಪ್ಯಾಟರ್ನ್ ಇಲ್ಲೇ ಹಾಕಿ. ಅಮೆರಿಕದಲ್ಲಾಗಿದ್ರೆ ಇಂಥ ಶೋಧದಲ್ಲಿ ಸಿಕ್ಕಿದ್ದನ್ನ ಕೋರ್ಟ್ ಮೂಸಿಯೂ ನೋಡ್ತಿರಲಿಲ್ಲ.

ಜಯನಗರ: ಅಲ್ಲಿಗೇ ಹೋಗಿ ಇರಿ.

ವಕೀಲರು: ಅದು ಅಲ್ಲಿಯ ಮಾತು, ಅಲ್ಲೂ ವಿನಾಯಿತಿಗಳಿವೆ. ಇಲ್ಲಿ ಸುಪ್ರೀಂ ಕೋರ್ಟಿನ 1973ರ ಪೂರನ್‌ಮಲ್ ತೀರ್ಪು: ಶೋಧ ಅಕ್ರಮ ಅನ್ನೋ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗಲ್ಲ. ಲೋಪಗಳು ಅದರ ಮೇಲಿನ ನಂಬಿಕೆ ತಗ್ಗಿಸುತ್ತವೆ, ಅಷ್ಟೇ. ಕಾಗದ ಕೂಡಿಡಿ ಅಂತ ಬಡಕೊಳ್ಳೋದು ಅದಕ್ಕೇ.

ಮಾರತ್‌ಹಳ್ಳಿ: ಗಾಂಜಾ ಕೇಸಲ್ಲಿ ಗೆಜೆಟೆಡ್ ಅಧಿಕಾರಿ ಎದುರು ತಪಾಸಣೆ ಕೇಳೋ ಹಕ್ಕಿದೆ ಅಂತ ಹೇಳದೆ ಬ್ಯಾಗ್ ತೆಗೆಸಿದರೆ?

ವಕೀಲರು: ಆ ಹಕ್ಕು ಕೊಡೋ ಎನ್‌ಡಿಪಿಎಸ್ (ಮಾದಕವಸ್ತು ಕಾನೂನು) 50 ಮೈ ತಪಾಸಣೆಗೆ. ಬ್ಯಾಗಿಗಲ್ಲ.

ಬಸವನಗುಡಿ: ಹೆಂಗಸರಿಗೆ?

ವಕೀಲರು: ಮೈ ತಪಾಸಣೆ ಮಹಿಳೆಯೇ ಮಾಡಬೇಕು, ಮರ್ಯಾದೆಯಿಂದ.

ಕೆಂಗೇರಿ: ವಾರಂಟ್ ಇಲ್ಲದೆ ಬರಬಹುದಾ ಸರ್?

ವಕೀಲರು: ಮೇಲೆ ಓದಿ.

ರಾಜಾಜಿನಗರ: ಆದ್ರೂ ಆರ್ಟಿಕಲ್ 21 ಅಂದ್ರೆ...

ವಕೀಲರು: ನಿಮ್ಮ ಬಾಗಿಲಿಗೆ ಬೀಗ ಹಾಕಿಕೊಂಡು ಪರೀಕ್ಷಿಸಿ. ಬೇರೆಯವರ ಬಾಗಿಲಿಗೆ ಬೇಡ.

ಯಲಹಂಕ: ಬ್ಯಾಗ್ ಪ್ರಶ್ನೆ ಬಿಟ್ಟುಹೋಯ್ತು ಸರ್.

ವಿಜಯನಗರ: ಜಯನಗರದವರೇ, ಪ್ಯಾಟರ್ನ್ ಇನ್ನೂ ಬಂದಿಲ್ಲ.

ಬಿಟಿಎಂ ಪಿಜಿ ವಾಸಿ: ಐಎಂಇಐ ಫೋನಿನ ಡಬ್ಬದ ಮೇಲಿದೆ ಸರ್. ಸಾಕಾ?

ವಕೀಲರು: ಸಾಕು, ಬಿಲ್ಲಿನ ಜೆರಾಕ್ಸೂ ಲಗತ್ತಿಸಿ. ಸೀಲು ಹಾಕದಿದ್ದರೆ ವಾದ ಮಾಡಬೇಡಿ, ಅದನ್ನೂ ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.