ಪೆಟ್ರೋಲ್ ನೂರು ದಾಟಿದ ಮೇಲೆ ಭಾನುವಾರದ ಗಾಡಿಗಳನ್ನು ಹೇಗೆ ಸಾಕ್ತಿದ್ದೀರಿ?

ಕೇಳಿದವರು, ಚಿಕ್ಕಮಗಳೂರು
ಸುತ್ತಾಟಕ್ಕೆಂದೇ ಇಟ್ಟುಕೊಂಡಿರೋ ಗಾಡಿ ಎರಡು: ಆರ್‌ಎಕ್ಸ್ 100 ಬೈಕ್ ಮತ್ತು 1.3 ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸೋ) ಜಿಪ್ಸಿ ಜೀಪು. ಗಿರಿ ಕಡೆ, ಕೆಮ್ಮಣ್ಣುಗುಂಡಿ, ಆಗೊಮ್ಮೆ ಈಗೊಮ್ಮೆ ಚಾರ್ಮಾಡಿ ಇಳಿಯೋದು. ದರ ಏರಿದ್ದು ಒಂದು ಕಡೆಯಾದರೆ, ಬೈಕಿನ ಮೈಲೇಜ್ 40ರಿಂದ 32ಕ್ಕೆ ಬಂದಿದೆ. ಇದು ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಕಾಟ, ಕಾರ್ಬೊರೇಟರ್‌ಗೆ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಹಾಯೋ ತೂತಿನ ಬಿಡಿಭಾಗ) ಹಾಕಿಸಿ ಅಂತಿದ್ದಾರೆ ಗ್ಯಾರೇಜಿನವರು. ಹಾಕಿಸಬಹುದಾ? ಮಾರೋ ಮನಸ್ಸಂತೂ ಇಲ್ಲ.

ಹಾಸನ, ಹಳೇ ಬೈಕ್
ಜೆಟ್ ಮುಟ್ಟಬೇಡಿ ಸರ್, ಮೊದಲು ಲೆಕ್ಕ ನೋಡಿ. 40ರಿಂದ 32 ಅಂದ್ರೆ ನೂರಕ್ಕೆ ಇಪ್ಪತ್ತು ಇಳಿಕೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾಡಿದ ದ್ವಿಚಕ್ರಗಳಲ್ಲಿ ಇ20ಯಿಂದ ಶೇ 3–4, ಕಾರುಗಳಲ್ಲಿ ಶೇ 6–7 ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯಲ್ಲೇ ಇದೆ. ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೂ, 100 ಕಿ.ಮೀ.ಗೆ ಎಥನಾಲ್ ತಿನ್ನೋದು ಹತ್ತು ರೂಪಾಯಿ ಆಸುಪಾಸು. ನಿಮ್ಮ ಗಾಡಿ 60 ರೂಪಾಯಿಗೂ ಮೇಲೆ ತಿಂತಿದೆ. ಉಳಿದ ಐವತ್ತು ಗಾಡಿಯೊಳಗೇ ಎಲ್ಲೋ ಸೋರ್ತಿದೆ.

ಇನ್ನು ಜೆಟ್ ವಿಷಯ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಹಳೇ ಜೆಟ್‌ನಲ್ಲಿ ಇ20 ಹೋದಾಗ ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ) ಆಗೋದು ನಿಜ. ಮಂಗಳೂರಲ್ಲಾದರೆ ಗ್ಯಾರೇಜಿನವರ ಮಾತಿಗೆ ಅರ್ಥ ಇತ್ತು. ಆದರೆ ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರ. ಇಲ್ಲಿ ಗಾಳಿಯ ಸಾಂದ್ರತೆ ಶೇ 10ರಷ್ಟು ಕಮ್ಮಿ, ಅದರಿಂದ ಕಾರ್ಬೊರೇಟರ್ ತಾನಾಗೇ ಶೇ 5ರಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತೆ. ಇ20 ಲೀನ್ ಕಡೆ ಎಳೆದದ್ದರಲ್ಲಿ ಅರ್ಧಕ್ಕೂ ಹೆಚ್ಚನ್ನು ಎತ್ತರವೇ ವಾಪಸ್ ಕೊಡ್ತು. 1,930 ಮೀಟರ್‌ನ ಮುಳ್ಳಯ್ಯನಗಿರಿ ಹತ್ತಿದರೆ ಇನ್ನೂ ರಿಚ್. ಅಲ್ಲಿಗೆ ದೊಡ್ಡ ಜೆಟ್ ಹಾಕ್ಕೊಂಡು ಹೋದ್ರೆ ಪ್ಲಗ್ ಕಪ್ಪಾಗಿ ಗಾಡಿ ಗೊರಗೊರ ಅನ್ನುತ್ತೆ, ಮೈಲೇಜ್ ಇನ್ನೂ ಬೀಳುತ್ತೆ.

ಅನುಮಾನ ಇದ್ರೆ ಪ್ಲಗ್ ನೋಡಿ. ಸಮತಟ್ಟು ರಸ್ತೆಯಲ್ಲಿ ನಾಲ್ಕೈದು ಕಿ.ಮೀ. ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ. ಮನೆವರೆಗೆ ಐಡ್ಲಿಂಗ್‌ನಲ್ಲಿ ತಂದು ನೋಡಿದ್ರೆ ಸುಳ್ಳು ಬಣ್ಣ ತೋರಿಸುತ್ತೆ. ಕಾಫಿಪುಡಿ ಬಣ್ಣ ಇದ್ರೆ ಸರಿ. ಬೆಳ್ಳಗೆ ಸುಟ್ಟಂತಿದ್ರೆ ಮಾತ್ರ ಲೀನ್. ಆಗಲೂ ಜೆಟ್ ಅಲ್ಲ, ಕಾರ್ಬೊರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ: ಸೂಜಿ ಮೇಲೇಳುತ್ತೆ, ಪೆಟ್ರೋಲ್ ಹೆಚ್ಚು ಹೋಗುತ್ತೆ.

ಬೇಲೂರು, ಎರಡು ಸ್ಟ್ರೋಕ್
ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಸೋರಿಕೆ ಹುಡುಕೋ ಕ್ರಮ ಹೇಳ್ತೀನಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ತಕ್ಷಣ ನಿಂತರೆ ಬ್ರೇಕ್ ಶೂ ಹಿಡೀತಿದೆ, ಇಲ್ಲಾ ಚೈನ್ ಬಿಗಿ. ಬ್ರೇಕ್ ಕ್ಯಾಮ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ತೆಳ್ಳಗೆ ಗ್ರೀಸ್ ಹಚ್ಚಿ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಗಾಡಿಗಳಲ್ಲಿ ಇದೇ ಮೊದಲ ಕಾಯಿಲೆ.

ಆಮೇಲೆ ಕಾರ್ಬೊರೇಟರ್. ಹಳೇ ಆರ್‌ಎಕ್ಸ್‌ಗಳಲ್ಲಿ ಸೂಜಿ ಮತ್ತು ಸೂಜಿ ಕೂರುವ ನೀಡಲ್ ಜೆಟ್ ಎರಡೂ ಸವೆದಿರುತ್ತವೆ. ತೂತು ಮೊಟ್ಟೆಯಾಕಾರ ಆಗಿರುತ್ತೆ, ಬರಿಗಣ್ಣಿಗೆ ಕಾಣಲ್ಲ. ಅರ್ಧ ಥ್ರಾಟಲ್‌ನಲ್ಲಿ ಪೆಟ್ರೋಲ್ ಸುರಿಯೋದು ಅಲ್ಲಿಂದಲೇ. ಎರಡನ್ನೂ ಜೋಡಿಯಾಗೇ ಬದಲಿಸಬೇಕು. ಚೋಕ್ ಪ್ಲಂಜರ್ ತುದಿಯ ರಬ್ಬರ್‌ನಲ್ಲಿ ಗೆರೆ ಬಿದ್ದಿದ್ರೆ ಚೋಕ್ ಸದಾ ಅರೆತೆರೆದಂತೆ. ಫ್ಲೋಟ್ ಸೂಜಿ ಹಾಳಾಗಿದ್ರೆ ಪೆಟ್ರೋಲ್ ಓವರ್‌ಫ್ಲೋ ಪೈಪಿಂದ ತೊಟ್ಟಿಕ್ಕುತ್ತೆ. ರಾತ್ರಿ ಕಾಕ್ (ಟ್ಯಾಂಕಿನ ನಲ್ಲಿ) ತೆರೆದಿಟ್ಟು ಕೆಳಗೆ ರಟ್ಟು ಹಾಸಿದ್ರೆ ಬೆಳಿಗ್ಗೆ ಗೊತ್ತಾಗುತ್ತೆ (ಸುತ್ತ ಬೆಂಕಿ, ಒಲೆ ಇರಬಾರದು).

ಪ್ಲಗ್ ಗ್ಯಾಪ್ 0.6–0.7 ಮಿ.ಮೀ., ಇಗ್ನಿಷನ್ ಪಾಯಿಂಟ್ ಗ್ಯಾಪ್ 0.3–0.4 ಮಿ.ಮೀ., ಎರಡನ್ನೂ ಸಂದು ಅಳೆಯೋ ಫೀಲರ್ ಗೇಜ್‌ನಲ್ಲೇ ನೋಡಿ. ಸೈಲೆನ್ಸರ್ ಒಳಗಿನ ಬ್ಯಾಫಲ್ ಕರಿಕಟ್ಟಿದ್ರೆ ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿಯಿಡೀ ನೆನೆಸಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಅಲ್ಯೂಮಿನಿಯಂ ಭಾಗಕ್ಕೆ ಅದು ತಾಗಕೂಡದು.

ಕಡೂರು
ಅದಕ್ಕೂ ಮೊದಲು ಆ 32 ನಿಜವಾ ನೋಡಿ. ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ, ಮೀಟರ್ ಬರ್ಕೊಳ್ಳಿ, ನೂರೈವತ್ತು ಕಿ.ಮೀ. ಓಡಿಸಿ, ಅದೇ ಬಂಕಲ್ಲಿ ಅದೇ ಗೆರೆಗೆ ಮತ್ತೆ ತುಂಬಿಸಿ. ರಿಸರ್ವ್‌ನಿಂದ ರಿಸರ್ವ್‌ಗೆ ಲೆಕ್ಕ ಹಾಕಿದ್ರೆ ತಪ್ಪುತ್ತೆ. ಬಂಕಿನ ಅಳತೆ ಮೇಲೆ ಅನುಮಾನ ಇದ್ರೆ 5 ಲೀಟರ್ ಅಳತೆ ಪಾತ್ರೆ ಕೇಳೋ ಹಕ್ಕು ಗ್ರಾಹಕರಿಗಿದೆ. 5 ಲೀಟರಿಗೆ 25 ಎಂ.ಎಲ್. ತನಕದ ವ್ಯತ್ಯಾಸಕ್ಕೆ ಮಾತ್ರ ಅವಕಾಶ.

ಮೂಡಿಗೆರೆ, ಜಿಪ್ಸಿ
ಜಿಪ್ಸಿಗೆ ದಪ್ಪ ಟೈರ್ ಹಾಕಿಸಿದ್ದೀರಾ? ಕಂಪನಿದು 205/70 ಆರ್15. ಅದರ ಜಾಗದಲ್ಲಿ 215/75 ಹಾಕಿದ್ರೆ ಸುತ್ತಳತೆ ಶೇ 5ರಷ್ಟು ಹೆಚ್ಚು. ಮೀಟರ್ 100 ತೋರಿಸುವಾಗ ಗಾಡಿ 105 ಓಡಿರುತ್ತೆ. ಎಷ್ಟೋ ಜನರ ಮೈಲೇಜ್ ಗೋಳಿನಲ್ಲಿ ಅರ್ಧ ಇದೇ ಮಾರಾಯ್ರೇ. ಆದರೆ ಮಡ್ ಟೈರ್ ಆದ್ರೆ ಟಾರು ರಸ್ತೆಯಲ್ಲಿ ನಿಜವಾಗಿಯೂ ಎಳೆಯುತ್ತೆ. ಕೆಸರಿಗೆ ಇಳಿಸದವರಿಗೆ ಅದು ಬರೀ ಶೋಕಿ.

ದೊಡ್ಡ ಕಳ್ಳ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗೋವರೆಗೆ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್). ಒಮ್ಮೆ ಬಿಸಿಯಾಯ್ತು ಅಂತ ಹಳೇ ಗಾಡಿಗಳಲ್ಲಿ ಅದನ್ನು ಕಿತ್ತು ಬಿಸಾಕಿರ್ತಾರೆ. ನಮ್ಮ ಚಳಿಯಲ್ಲಿ ಎಂಜಿನ್ ಬಿಸಿಯೇ ಏರಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಇಂಜೆಕ್ಷನ್ ನಡೆಸೋ ಕಂಪ್ಯೂಟರ್) ಪೆಟ್ರೋಲ್ ಸುರೀತಾನೇ ಇರುತ್ತೆ. ಹತ್ತು ಕಿ.ಮೀ. ಓಡಿದ ಮೇಲೂ ಟೆಂಪರೇಚರ್ ಮುಳ್ಳು ತಳದಲ್ಲೇ ಇದ್ರೆ ಹೊಸದು ಹಾಕಿಸಿ. ಮುಂದಿನ ಹಬ್‌ನಲ್ಲಿ ಕೈಯಿಂದ ತಿರುಗಿಸುವ ಲಾಕ್ ಇದ್ರೆ ಟಾರು ರಸ್ತೆಯಲ್ಲಿ ಫ್ರೀ ಇರಲಿ.

ಹಾಸನ, ಹೊಸಬರು
ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಹಾಕಿದ್ರೆ ಉಳಿಯಲ್ವಾ? ಪ್ರೀಮಿಯಂ ಪೆಟ್ರೋಲ್ ಹಾಕಿದ್ರೆ?

ಮೂಡಿಗೆರೆ, ಜಿಪ್ಸಿ
ಬೇಡಪ್ಪ. ಎಂಪಿಎಫ್‌ಐ ಗಾಡಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೂರ್ತಿ ಬಂದ್ ಆಗುತ್ತೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬೇಕೇ ಬೇಕು. ಉಳಿತಾಯ ಗೇರಲ್ಲೇ ಇದೆ, ಜೊತೆಗೆ ಬ್ರೇಕೂ ಬಿಸಿಯಾಗಲ್ಲ. ಎಂಜಿನ್ ಆಫ್ ಮಾಡಿ ಇಳಿಸೋದಂತೂ ಹುಚ್ಚಾಟ, ಬ್ರೇಕ್ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ.

ಹಾಸನ, ಹಳೇ ಬೈಕ್
ಪ್ರೀಮಿಯಂ ವಿಷಯ: ಹೆಚ್ಚು ಆಕ್ಟೇನ್ (ಒತ್ತಡಕ್ಕೆ ತಾನಾಗೇ ಹೊತ್ತಿಕೊಳ್ಳದ ಗುಣ) ಬೇಕಾಗೋದು ಹೆಚ್ಚು ಕಂಪ್ರೆಷನ್ ಇರೋ ಎಂಜಿನ್‌ಗೆ. ಆರ್‌ಎಕ್ಸ್ 100ದ್ದು 6.7:1, ಕಮ್ಮಿಯೇ. ದುಡ್ಡು ದಂಡ. ಕರ್ನಾಟಕದಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ 29.84ಕ್ಕೆ ಏರಿದಾಗ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯ್ತು ಅಂತ ಎಲ್ಲರೂ ಬಾಯಿ ಬಡ್ಕೊಂಡ್ವಿ. ಪ್ರೀಮಿಯಂ ಹಾಕಿಸಿದ್ರೆ ಅದಕ್ಕಿಂತ ಹೆಚ್ಚನ್ನು ನಾವಾಗೇ ಕೊಟ್ಟಂತೆ.

ಸಕಲೇಶಪುರ
ಇ20ಗೆ ಹೆದರಬೇಕಾದ್ದು ಮೈಲೇಜಿಗಲ್ಲ, ರಬ್ಬರಿಗೆ ಮತ್ತು ತೇವಕ್ಕೆ. ಹಳೇ ಪೆಟ್ರೋಲ್ ಪೈಪ್ ಬೆರಳಲ್ಲಿ ಮಡಚಿ ನೋಡಿ: ಬಿರುಕು ಕಂಡ್ರೆ ಅಥವಾ ಅಂಟಂಟಾಗಿದ್ರೆ ಬದಲಿಸಿ. ಎಥನಾಲ್ ತಡೆಯೋ ಪೈಪ್ ಅಂತಲೇ ಕೇಳಿ, ಒಳವ್ಯಾಸ ಹಳೇದರಷ್ಟೇ ಇರಲಿ, ಕ್ಲಿಪ್ಪೂ ಹೊಸದು. ಮೀಟರ್ ಲೆಕ್ಕದಲ್ಲಿ ಸಿಗೋ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕೆಲವೇ ತಿಂಗಳಿಗೆ ಕಲ್ಲಾಗುತ್ತೆ. ಜಿಪ್ಸಿಗೆ ಕಾರ್ಬೊರೇಟರ್ ಪೈಪ್ ನಡೆಯಲ್ಲ, ಇಂಜೆಕ್ಷನ್ ಒತ್ತಡ ತಡೆಯೋದೇ ಬೇಕು.

ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ನಿಲ್ಲಿಸೋದಾದ್ರೆ ಟ್ಯಾಂಕ್ ಅರ್ಧ ಬಿಡಬೇಡಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರ್ಕೊಳ್ಳುತ್ತೆ. ಹೆಚ್ಚಾದ್ರೆ ನೀರಿನ ಜೊತೆ ತಳಕ್ಕಿಳಿದು ಟ್ಯಾಂಕ್ ತುಕ್ಕು ಹಿಡಿಯುತ್ತೆ. ಬೈಕ್ ಟ್ಯಾಂಕ್ ತುಂಬಿಸಿಟ್ಟು, ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ. ಕಾರ್ಬೊರೇಟರ್ ಬೌಲ್‌ನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಇಳಿಸಿ.

ಕೇಳಿದವರು, ಚಿಕ್ಕಮಗಳೂರು
ಜೆಟ್ ವಿಚಾರ ಕೈಬಿಟ್ಟೆ. ಬೇಲೂರಿನವರೇ, ನನ್ನ ಬೈಕಲ್ಲಿ 2ಟಿ (ಎರಡು ಸ್ಟ್ರೋಕ್ ಎಂಜಿನ್ನಿನ ಆಯಿಲ್) ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸ್ತಿದ್ದೀನಿ. ಘಾಟಿ ಇಳಿಯುವಾಗ ನಾನೂ ಗೇರಲ್ಲೇ ಇರಬೇಕಾ?

ಬೇಲೂರು, ಎರಡು ಸ್ಟ್ರೋಕ್
ಗೇರಲ್ಲೇ ಇರಿ ಅಣ್ಣ. ಆದರೆ ಥ್ರಾಟಲ್ ಮುಚ್ಚಿದ್ರೆ ಪೆಟ್ರೋಲ್ ಜೊತೆ ಆಯಿಲ್ಲೂ ನಿಂತಂತೆ, ಎಂಜಿನ್ ಮಾತ್ರ ತಿರುಗ್ತಿರುತ್ತೆ. ಪಿಸ್ಟನ್ ಸೀಜ್ ಆಗೋದು (ಕಚ್ಚಿಕೊಳ್ಳೋದು) ಹಾಗೇ. ಪ್ರತಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಒಂದು ಸಲ ಥ್ರಾಟಲ್ ತಿರುಗಿಸಿ ಬಿಡಿ. ಪೆಟ್ರೋಲ್ ಉಳಿಸೋಕೆ ಹೋಗಿ 2ಟಿ ಮಾತ್ರ ಕಮ್ಮಿ ಮಾಡಬೇಡಿ. ಪಂಪ್ ಸಿಕ್ಕಿದ್ರೆ ವಾಪಸ್ ಹಾಕಿಸಿ: ಥ್ರಾಟಲ್‌ಗೆ ತಕ್ಕಷ್ಟೇ ಆಯಿಲ್ ಕೊಡುತ್ತೆ, ಸೈಲೆನ್ಸರ್ ಕಟ್ಟಿಕೊಳ್ಳೋದೂ ಕಮ್ಮಿ.