ಜೀರಿಗೆ ಮೆಣಸು: ಒಂದು ಪದವೋ, ಎರಡೋ?

ಎಲ್ಲರಿಗೂ ನಮಸ್ಕಾರ.

ಸಣ್ಣ ಪದದ ವಿಷಯ, ಆದರೆ ಎರಡು ವಾರದಿಂದ ತಲೆಯಲ್ಲೇ ಸುತ್ತುತ್ತಿದೆ. ಮಗನಿಗೆ ಜ್ವರ ಬಿಟ್ಟಿತ್ತು, ಬಾಯಿ ಮಾತ್ರ ಕೆಟ್ಟಿತ್ತು, ಏನು ಕೊಟ್ಟರೂ ಸೇರುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ನನ್ನ ವಾರಗಿತ್ತಿ ಮನೆಗೆ ಬಂದಿದ್ದಳು. ಸ್ನಾನಕ್ಕೆ ಹೊರಟಿದ್ದ ನಾನು "ಜೀರಿಗೆ ಮೆಣಸು ಹಾಕಿ ಒಂಚೂರು ಸಾರು ಮಾಡ್ತೀಯಾ" ಅಂದೆ. ಬಂದು ನೋಡಿದರೆ ಒಲೆ ಇನ್ನೂ ಹಚ್ಚಿಲ್ಲ. ಒಗ್ಗರಣೆ ಡಬ್ಬಿ ತೆರೆದೇ ಇದೆ, ಒಂದು ಬಟ್ಟಲಲ್ಲಿ ಜೀರಿಗೆ, ಪಕ್ಕದ ಬಟ್ಟಲಲ್ಲಿ ಮೆಣಸು. ಅವಳು ಫ್ರಿಜ್ಜಿನ ತರಕಾರಿಯಲ್ಲಿ ಹುಡುಕುತ್ತಿದ್ದಾಳೆ! "ಜೀರಿಗೆ ಮೆಣಸು ಸಿಗ್ತಾ ಇಲ್ಲ ಅಕ್ಕ. ಅದೂ ಅಲ್ದೆ, ಜ್ವರ ಬಂದ ಮಗುಗೆ ಅಷ್ಟು ಖಾರ ಆಗುತ್ತಾ?"

ನಮ್ಮ ಮೈಸೂರು ಕಡೆ ಜೀರಿಗೆ ಮೆಣಸು ಅಂದರೆ ಜೀರಿಗೆ ಮತ್ತು ಮೆಣಸು, ಎರಡು ಸಾಮಾನು. ಅವಳ ಊರಲ್ಲಿ ಅದು ಒಂದೇ. ಗಿಡದಲ್ಲಿ ಮೇಲ್ಮುಖವಾಗಿ ನಿಲ್ಲುವ, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ, ಕಚ್ಚಿದರೆ ಕಣ್ಣಲ್ಲಿ ನೀರು ಬರಿಸುವ ಮೆಣಸಿನಕಾಯಿ. ಸೂಜಿಮೆಣಸು, ಗಾಂಧಾರಿ ಮೆಣಸು ಅಂತಲೂ ಕರೆಯುತ್ತಾರೆ. ಜೀರಿಗೆಯ ಹಾಗೆ ಸಣ್ಣಗಿದೆ ಅಂತ ಆ ಹೆಸರು ಬಂದಿರಬೇಕು. ಅಂದರೆ ನನ್ನದು 'ಅಣ್ಣತಮ್ಮ' ಇದ್ದ ಹಾಗೆ ಜೋಡಿ, ಅವಳದು 'ಸೂಜಿಮಲ್ಲಿಗೆ' ಇದ್ದ ಹಾಗೆ ಹೋಲಿಕೆ. ಬರೆದಾಗ ಎರಡೂ ಒಂದೇ ಥರ ಕಾಣುತ್ತವೆ.

ಆದರೆ ನಿಜವಾದ ಗಂಟು ಇರುವುದು 'ಮೆಣಸು' ಅನ್ನುವ ಪದದಲ್ಲೇ. ಈಗಿನ ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂದದ್ದು. ಅದಕ್ಕೆ ಮುಂಚೆ ಇಲ್ಲಿ ಮೆಣಸು ಅಂದರೆ ಬಳ್ಳಿಯ ಕಾಳು, ಅಷ್ಟೇ. ಹೊಸದು ಬಂದಾಗ ನಾವು ಬಯಲುಸೀಮೆಯವರು ಅದಕ್ಕೆ 'ಕಾಯಿ' ಸೇರಿಸಿ ಮೆಣಸಿನಕಾಯಿ ಮಾಡಿದೆವು, ಹಳೆಯದು ತನ್ನ ಹೆಸರು ಉಳಿಸಿಕೊಂಡಿತು. ತಮಿಳಿನಲ್ಲೂ ಹೀಗೇ, ಮಿಳಗು ಮತ್ತು ಮಿಳಗಾಯ್. ಕರಾವಳಿ, ಮಲೆನಾಡಿನಲ್ಲಿ ಇದು ತಿರುಗಿಬಿಟ್ಟಿದೆ. ಬಂದ ನೆಂಟನೇ 'ಮೆಣಸು' ಆಗಿ ಕೂತ, ಮನೆಯವನು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಅಂತ ಗುರುತು ಹೇಳಿಕೊಳ್ಳಬೇಕಾಯಿತು. ತುಳುವಿನಲ್ಲಿ ಮುಂಚಿ ಅಂದರೆ ಮೆಣಸಿನಕಾಯಿ, ಕಾಳಿಗೆ ಎಡ್ಡೆಮುಂಚಿ. ಮಲಯಾಳದಲ್ಲಿ ನಲ್ಲಮುಳಕ್. ಎಡ್ಡೆ, ನಲ್ಲ, ಒಳ್ಳೆ, ಮೂರಕ್ಕೂ ಒಂದೇ ಅರ್ಥ ಅಲ್ವಾ! ಸಾಮಾನ್ಯವಾಗಿ ಹೊರಗಿನಿಂದ ಬಂದದ್ದಕ್ಕೆ ನಾವು ಗುರುತು ಹಾಕುತ್ತೇವೆ, ಸೀಮೆಎಣ್ಣೆ, ಸೀಮೆಬದನೆ ಅಂತ. ಇಲ್ಲಿ ಹಳೆಯದಕ್ಕೇ ಗುರುತು ಬಿದ್ದಿದೆ.

ನನಗೆ ಆಶ್ಚರ್ಯ ಇದೇ. ಮೆಣಸಿನ ಬಳ್ಳಿ ಹಬ್ಬುವ ಊರುಗಳಲ್ಲೇ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಕಾಳುಮೆಣಸಿನ ರಾಣಿ ಅಂತ ಹೆಸರು ಬಂದ ಆ ಸೀಮೆಯಲ್ಲೇ, ಕಾಳಿನ ಹೆಸರು ಕಾಯಿಗೆ ಹೋದದ್ದು ಹೇಗೆ? ನನ್ನ ಊಹೆ ಹೇಳುತ್ತೇನೆ. ಕಾಳು ಮಾರುವ ಬೆಳೆ, ದುಡ್ಡಿನ ಮಾಲು. ಕಾಯಿ ಹಿತ್ತಲಲ್ಲಿ ಬಿಡುತ್ತದೆ, ದಿನಾ ಸಾರಿಗೆ, ಚಟ್ನಿಗೆ, ಗಂಜಿ ಜೊತೆ ನಂಜಿಕೊಳ್ಳಲು ಬೇಕು. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ವಸ್ತುವೇ ಚಿಕ್ಕ ಹೆಸರನ್ನು ಇಟ್ಟುಕೊಂಡಿರಬಹುದು.

ಅವತ್ತಿನ ಸಾರು ಕೊನೆಗೆ ಇಬ್ಬರೂ ಸೇರಿ ಮಾಡಿದೆವು. ಒಂದು ಚಮಚ ಜೀರಿಗೆ, 15-20 ಕಾಳು ಮೆಣಸು, ಎಣ್ಣೆ ಇಲ್ಲದೆ ಬಿಸಿ ಮಾಡಿ, ಜೀರಿಗೆ ಘಮ್ ಅಂದ ಕೂಡಲೇ ಇಳಿಸಿ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿದೆ. ಮಿಕ್ಸಿಗೆ ಹಾಕಬೇಡಿ, ನುಣ್ಣಗಾದರೆ ಆ ರುಚಿ ಬರಲ್ಲ. ಹುಣಸೆನೀರು ಹಸಿವಾಸನೆ ಹೋಗುವಷ್ಟು ಕುದಿಸಿ, ಉಪ್ಪು, ಚೂರು ಬೆಲ್ಲ, ಪುಡಿ ಹಾಕಿ ಇನ್ನೊಂದು ಕುದಿ. ಆಮೇಲೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು. ಮೆತ್ತಗಿನ ಅನ್ನಕ್ಕೆ ಕಲಸಿ ಕೊಟ್ಟರೆ ಮಗ ಎರಡು ಸಲ ಹಾಕಿಸಿಕೊಂಡ. ಕಾಯಿಯ ಖಾರ ನಾಲಿಗೆ ಸುಡುತ್ತದೆ, ಕಾಳಿನದು ಗಂಟಲಿಗೆ ಇಳಿದು ಬೆಚ್ಚಗೆ ಕೂರುತ್ತದೆ. ಅವಳು ಒಂದು ಗುಟುಕು ಕುಡಿದು "ಓ, ಇದು ಒಳ್ಳೆಮೆಣಸಿನ ಸಾರು" ಅಂದಳು.

ಈಗ ನನ್ನ ಪ್ರಶ್ನೆಗಳು. ನಿಮ್ಮೂರಲ್ಲಿ ಬರೀ 'ಮೆಣಸು' ಅಂದರೆ ಕಾಳೋ ಕಾಯೋ? 'ಒಳ್ಳೆಮೆಣಸು' ಅನ್ನುವುದರಲ್ಲಿ 'ಒಳ್ಳೆ' ಅಂದರೆ ಆರೋಗ್ಯಕ್ಕೆ ಒಳ್ಳೆಯದು ಅಂತಲೋ, ಅಸಲಿ ಅಂತಲೋ? ಅಡುಗೆ ಬರೆಯುವವರು ಇದ್ದರೆ ಒಂದು ಕೋರಿಕೆ: ಸುಮ್ನೆ 'ಮೆಣಸು' ಅಂತ ಬರೆದು ಬಿಡಬೇಡಿ, ಕಾಳುಮೆಣಸು ಅಥವಾ ಮೆಣಸಿನಕಾಯಿ ಅಂತ ಬಿಡಿಸಿ ಬರೆಯಿರಿ. ಜೋಡಿಯಾದರೆ ನಡುವೆ ಅಲ್ಪವಿರಾಮ ಹಾಕಿ 'ಜೀರಿಗೆ, ಮೆಣಸು', ಸಣ್ಣ ಕಾಯಿಯಾದರೆ ಕೂಡಿಸಿ 'ಜೀರಿಗೆಮೆಣಸು' ಅಂತ ಬರೆದರೆ ಹೇಗೆ? ಶಿರಸಿ, ಕುಂದಾಪುರ, ಕೊಡಗಿನ ಕಡೆಯವರು ದಯವಿಟ್ಟು ಹೇಳಿ.