30×40 ಸೈಟಿನ ಪ್ಲಾನ್ ಇಂಚಿನಿಂದ ಮಿಲಿಮೀಟರಿಗೆ: ಸ್ಕೇಲ್ ಮಾಡಿದ ಮೇಲೆ 30 ಅಡಿ ಬದಿ 750 ತೋರಿಸುತ್ತಿದೆ

ನಕ್ಷೆಮನೆ:
ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಬಳಸುವವರು ದಯವಿಟ್ಟು ನೋಡಿ. ಬೇರೆ ಕಡೆಯಿಂದ ಬಂದ 30×40 ಸೈಟಿನ ಮನೆ ಪ್ಲಾನ್ ಇದು. 30 ಅಡಿ ಬದಿಗೆ ಡೈಮೆನ್ಷನ್‌ನಲ್ಲಿ (ನಕ್ಷೆಯ ಮೇಲೆ ಕಾಣುವ ಅಳತೆಯಲ್ಲಿ) 30 ಅಂತಲೇ ಇತ್ತು, ಡಿಸ್ಟ್ ಕಮಾಂಡ್‌ನಿಂದ ಅಳೆದರೆ 360 ಬಂತು. ಯುನಿಟ್ಸ್‌ಗೆ ಹೋಗಿ ಮಿಲಿಮೀಟರ್ ಆರಿಸಿದೆ, ಏನೂ ಬದಲಾಗಲಿಲ್ಲ. ಆಮೇಲೆ ಆಲ್ ಕೊಟ್ಟು ಎಲ್ಲ ಆಯ್ದು, ಸೈಟಿನ ಎಡಗಡೆ ಕೆಳಮೂಲೆಯನ್ನು ಬೇಸ್ ಪಾಯಿಂಟ್ ಮಾಡಿಕೊಂಡು 25ರಿಂದ ಸ್ಕೇಲ್ ಮಾಡಿದೆ.

ಈಗ ಆ ಬದಿ 750 ತೋರಿಸುತ್ತಿದೆ. ಅಡುಗೆಮನೆಯ ಅಳತೆ ಮಾತ್ರ ಹಳೆಯ 10 ಆಗಿಯೇ ಇದೆ. ಡೈಮೆನ್ಷನ್ ಅಕ್ಷರಗಳು ಇರುವೆಯಷ್ಟಾಗಿವೆ. ಕಾಲಂ ಗ್ರಿಡ್ ದೊಡ್ಡದಾಗದೆ ಮೂಲೆಯಲ್ಲಿ ಉಳಿದಿದೆ. ಕೊನೆಗೆ ಎ3 ಹಾಳೆಯಲ್ಲಿ 1:100ಕ್ಕೆ ಪ್ರಿಂಟ್ ಕೊಡಬೇಕು. ಅದಕ್ಕೆ ಮತ್ತೆ 0.01ರಿಂದ ಕುಗ್ಗಿಸಬೇಕಾ?

ಮೂಲೆಮಟ್ಟ:
ಕುಗ್ಗಿಸಬೇಡಿ, ಅದನ್ನು ಆಮೇಲೆ ನೋಡೋಣ. ಮೊದಲು 25 ಬಿಡಿ. ಒಂದು ಇಂಚಿಗೆ ಸರಿಯಾಗಿ 25.4 ಮಿಲಿಮೀಟರ್. 25ರಿಂದ ನಿಮ್ಮ 30 ಅಡಿ 9000 ಆಗಿದೆ, ಇರಬೇಕಾದ್ದು 9144. ಒಂದು ಬದಿಯಲ್ಲೇ 144 ಮಿಲಿಮೀಟರ್ ಹೋಯಿತು, ಅಂದರೆ ಸುಮಾರು ಆರು ಇಂಚಿನ ಗೋಡೆಯ ದಪ್ಪ.

750 ಯಾಕೆ ಅಂದರೆ, ಬರೆದವರು ಇಂಚಿನಲ್ಲಿ ಗೆರೆ ಎಳೆದು ಅಡಿಯಲ್ಲಿ ಅಳತೆ ಕಾಣಲಿ ಅಂತ ಡೈಮೆನ್ಷನ್ ಸ್ಟೈಲ್‌ನಲ್ಲಿ ಗುಣಕವನ್ನು 1/12, ಅಂದರೆ 0.0833 ಇಟ್ಟಿದ್ದಾರೆ. 360ನ್ನು 12ರಿಂದ ಭಾಗಿಸಿದರೆ 30, 9000ವನ್ನು ಭಾಗಿಸಿದರೆ 750. ಡಿಮ್‌ಸ್ಟೈಲ್ ತೆರೆದು ಮಾಡಿಫೈ, ಪ್ರೈಮರಿ ಯುನಿಟ್ಸ್, ಅದರಲ್ಲಿ ಮೆಷರ್‌ಮೆಂಟ್ ಸ್ಕೇಲ್ ಕೆಳಗಿನ ಸ್ಕೇಲ್ ಫ್ಯಾಕ್ಟರ್ 1 ಮಾಡಿ. ಅದಕ್ಕೂ ಬದಲಾಗದ ಡೈಮೆನ್ಷನ್ ಇದ್ದರೆ ಅದನ್ನು ಆಯ್ದು ಪ್ರಾಪರ್ಟೀಸ್‌ನಲ್ಲಿ ಡಿಮ್ ಸ್ಕೇಲ್ ಲೀನಿಯರ್ 1 ಕೊಡಿ.

ಅಡುಗೆಮನೆಯ 10 ಕೈಯಲ್ಲಿ ಬರೆದದ್ದು. ಪ್ರಾಪರ್ಟೀಸ್‌ನಲ್ಲಿ ಟೆಕ್ಸ್ಟ್ ಓವರ್‌ರೈಡ್ ಜಾಗ ನೋಡಿ, ಅಲ್ಲಿರುವುದನ್ನು ಅಳಿಸಿದರೆ ಗೆರೆಯ ನಿಜವಾದ ಉದ್ದ ಹೊರಗೆ ಬರುತ್ತದೆ. ಬೇರೆಯವರ ಫೈಲ್ ಬಂದಾಗ ನಾನು ಮೊದಲು ಹುಡುಕುವುದೇ ಇದನ್ನು.

ಗ್ರಿಡ್ ಉಳಿದದ್ದು ಅದರ ಲೇಯರ್ (ಗೆರೆಗಳನ್ನು ಬೇರೆಬೇರೆಯಾಗಿ ಇಡುವ ಪದರ) ಲಾಕ್ ಆಗಿದ್ದರಿಂದ. ಆಲ್ ಅಂದರೂ ಲಾಕ್ ಆದ, ಫ್ರೀಜ್ ಆದ ಲೇಯರ್‌ಗಳು ಆಯ್ಕೆಗೆ ಬರುವುದಿಲ್ಲ. ಲಾಕ್ ಆದದ್ದು ಕಣ್ಣಿಗಾದರೂ ಬೀಳುತ್ತದೆ. ಫ್ರೀಜ್ ಆದದ್ದು ಕಾಣುವುದೇ ಇಲ್ಲ, ಮುಂದೆ ಯಾರೋ ಥಾ ಮಾಡಿದಾಗ, ಅಂದರೆ ಫ್ರೀಜ್ ತೆಗೆದಾಗ, ಪುಟ್ಟ ಪ್ಲಂಬಿಂಗ್ ಲೈನ್ ಮೂಲೆಯಿಂದ ಏಳುತ್ತದೆ.

ಮೂಲ ಫೈಲ್ ಇದ್ದರೆ ಅದರಿಂದಲೇ ಶುರು ಮಾಡಿ. ಲೇಯರ್‌ಗಳ ಈಗಿನ ಸ್ಥಿತಿಯನ್ನು ಲೇಯರ್ ಸ್ಟೇಟ್ ಆಗಿ ಸೇವ್ ಮಾಡಿ, ಎಲ್ಲವನ್ನೂ ಥಾ ಮತ್ತು ಅನ್‌ಲಾಕ್ ಮಾಡಿ, ಎಸ್‌ಸಿ (ಸ್ಕೇಲ್ ಕಮಾಂಡ್) ಕೊಟ್ಟು ಆಲ್, ಬೇಸ್ ಪಾಯಿಂಟ್ 0,0, ಗುಣಕ 25.4. ಮುಗಿದ ಮೇಲೆ ಲೇಯರ್ ಸ್ಟೇಟ್ ವಾಪಸ್ ತನ್ನಿ. ಮೂಲ ಫೈಲ್ ಕಳೆದುಹೋಗಿದ್ದರೆ, ಈಗಿರುವ ಪ್ಲಾನನ್ನು ಅದೇ ಕೆಳಮೂಲೆಯಿಂದ 1.016ರಿಂದ, ಗ್ರಿಡ್ಡನ್ನು ಅಲ್ಲಿಂದಲೇ 25.4ರಿಂದ ಹಿಗ್ಗಿಸಿ. ಎರಡಕ್ಕೂ ಬೇಸ್ ಪಾಯಿಂಟ್ ಒಂದೇ ಇರಲೇಬೇಕು.

ತೂಗುಗುಂಡು:
ಯುನಿಟ್ಸ್ ಬದಲಿಸಿದಾಗ ಏನೂ ಆಗದ್ದು ಸಹಜ. ಅಲ್ಲಿನ ಇನ್ಸರ್ಷನ್ ಸ್ಕೇಲ್ ಈ ಫೈಲು ಬೇರೆ ಫೈಲಿಗೆ ಹೋಗುವಾಗ, ಇಲ್ಲವೇ ಬೇರೆಯದು ಇದರೊಳಗೆ ಬರುವಾಗ ಮಾತ್ರ ಕೆಲಸ ಮಾಡುತ್ತದೆ. ಇದ್ದ ಗೆರೆಗಳನ್ನು ಮುಟ್ಟುವುದಿಲ್ಲ. ಹಾಗಂತ ಸ್ಕೇಲ್ ಆದ ಮೇಲೂ ಅಲ್ಲಿ ಇಂಚು ಅಂತಲೇ ಬಿಟ್ಟರೆ ಮುಂದೆ ಬಾಗಿಲಿನ ಬ್ಲಾಕ್ (ಸಿದ್ಧ ಚಿತ್ರ) ತಂದಾಗ ಅದು 25.4 ಪಟ್ಟು ಚಿಕ್ಕದಾಗಿ ಕೂರುತ್ತದೆ. ಸ್ಕೇಲ್ ಆದ ಮೇಲೆ ಇನ್ಸ್‌ಯುನಿಟ್ಸ್ 4 ಇದೆಯಾ ನೋಡಿ, 4 ಅಂದರೆ ಮಿಲಿಮೀಟರ್.

ಡೈಮೆನ್ಷನ್ ಅಕ್ಷರ ಮತ್ತು ಬಾಣದ ಗಾತ್ರ ಸ್ಟೈಲ್‌ಗೆ ಸೇರಿದ್ದು, ಸ್ಕೇಲ್ ಕಮಾಂಡ್‌ನಿಂದ ಬೆಳೆಯುವುದಿಲ್ಲ. 1:100ಕ್ಕೆ ಹೀಗೆ ಮಾಡಿ: ಅಕ್ಷರದ ಎತ್ತರ 2.5, ಓವರಾಲ್ ಸ್ಕೇಲ್ 100. ಹಾಳೆಯ ಮೇಲೆ 2.5 ಮಿಲಿಮೀಟರ್ ಬರುತ್ತದೆ. ಕೋಣೆಯ ಹೆಸರುಗಳು ಮಾಮೂಲಿ ಟೆಕ್ಸ್ಟ್, ಅವು 25.4ರಿಂದ ಬೆಳೆದಿರುತ್ತವೆ. 6 ಇಂಚಿನ ಅಕ್ಷರ 152.4 ಆಗಿ ಹಾಳೆಯಲ್ಲಿ ಒಂದೂವರೆ ಮಿಲಿಮೀಟರ್ ಬರುತ್ತದೆ, ಓದಲಾಗುವುದಿಲ್ಲ. ಸ್ಕೇಲ್‌ಟೆಕ್ಸ್ಟ್ ಕೊಟ್ಟು ಎಲ್ಲವನ್ನೂ ಆಯ್ದು, ಎಕ್ಸಿಸ್ಟಿಂಗ್ ಒತ್ತಿ, ಎತ್ತರ 250 ಕೊಡಿ. ಪ್ರತಿಯೊಂದೂ ತನ್ನ ಜಾಗದಲ್ಲೇ ದೊಡ್ಡದಾಗುತ್ತದೆ.

ಪ್ರಿಂಟ್‌ಗೆ ಮಾಡೆಲ್ (ನಿಜ ಅಳತೆಯಲ್ಲಿ ಬರೆದ ನಕ್ಷೆ) ಮುಟ್ಟಲೇಬಾರದು. ಲೇಔಟ್‌ನಲ್ಲಿ ಎ3, 420×297, ಪ್ಲಾಟ್ ಸ್ಕೇಲ್ 1:1. ವ್ಯೂಪೋರ್ಟ್ (ಹಾಳೆಯಲ್ಲಿ ಮಾಡೆಲ್ ತೋರಿಸುವ ಕಿಟಕಿ) ಒಳಗೆ ಹೋಗಿ 1:100 ಆರಿಸಿ, ಹೊರಬಂದು ಡಿಸ್‌ಪ್ಲೇ ಲಾಕ್ ಹಾಕಿ. ಸೈಟು ಹಾಳೆಯಲ್ಲಿ 91.44×121.92 ಮಿಲಿಮೀಟರ್ ಆಗಿ ಕೂರುತ್ತದೆ. ಪ್ಲಾಟ್‌ನಲ್ಲಿ ಫಿಟ್ ಟು ಪೇಪರ್ ಟಿಕ್ ಉಳಿದಿದ್ದರೆ 1:100 ಹೋಗಿ ಯಾವುದೋ ಒಂದು ಪ್ರಮಾಣವಾಗುತ್ತದೆ. ಪ್ರಿಂಟ್ ಬಂದ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಒಮ್ಮೆ ಅಳೆಯಿರಿ.

ಮೂಲೆಮಟ್ಟ:
ಇನ್ನೊಂದು ಮಾತು. ಅಳತೆ ಗೊತ್ತಿಲ್ಲದ ಪಿಡಿಎಫ್ ಬಂದರೆ ಸ್ಕೇಲ್ ಕಮಾಂಡ್‌ನ ರೆಫರೆನ್ಸ್ ಆಯ್ಕೆ ಬಳಸುತ್ತೇವೆ, ಅಂದರೆ ಒಂದು ಗೆರೆ ಹಿಡಿದು ಅದರ ನಿಜವಾದ ಉದ್ದ ಕೊಡುತ್ತೇವೆ. ಆಗ ಬಾಗಿಲಿನ ಅಗಲ ಹಿಡಿಯಬೇಡಿ. 900ರ ಬಾಗಿಲಿನಲ್ಲಿ 2 ಮಿಲಿಮೀಟರ್ ತಪ್ಪಿದರೆ 40 ಅಡಿ ಹೋಗುವಷ್ಟರಲ್ಲಿ 27 ಮಿಲಿಮೀಟರ್ ಆಗುತ್ತದೆ. ಸಿಗುವ ಅತಿ ಉದ್ದದ ಗೆರೆ ಹಿಡಿಯಿರಿ. ಮಂಜೂರಾತಿ ಪ್ಲಾನ್‌ಗಳಲ್ಲಿ 9.14×12.19 ಮೀಟರ್ ಅಂತ ಬರೆದಿರುತ್ತದೆ, ಅದು ದುಂಡು ಮಾಡಿದ ಅಂಕಿ. ಅದನ್ನು ಹೊಸ ಉದ್ದವಾಗಿ ಕೊಡದೆ 9144 ಟೈಪ್ ಮಾಡಿ.

ಸರ್ವೆಯವರ ಟೋಟಲ್ ಸ್ಟೇಷನ್ (ಜಾಗ ಅಳೆಯುವ ಉಪಕರಣ) ಫೈಲು ಬೇರೆ ಲೆಕ್ಕ. ಅದು ಮೀಟರಿನಲ್ಲಿರುತ್ತದೆ. ಯುಟಿಎಂ (ಭೂಪಟದ ಮೀಟರ್ ಗ್ರಿಡ್) ನಿರ್ದೇಶಾಂಕವಾದರೆ ಬೆಂಗಳೂರಿನ ನಾರ್ದಿಂಗ್, ಅಂದರೆ ಸಮಭಾಜಕದಿಂದ ಉತ್ತರಕ್ಕಿರುವ ದೂರ, ಸುಮಾರು 14 ಲಕ್ಷ ಮೀಟರ್. ಅದನ್ನು 0,0ಯಿಂದ ಸಾವಿರ ಪಟ್ಟು ಹಿಗ್ಗಿಸಿದರೆ ಗೆರೆಗಳು ನಡುಗುತ್ತವೆ, ಹ್ಯಾಚ್ ಕೆಡುತ್ತದೆ. ಅದನ್ನು ಮೀಟರಿನಲ್ಲೇ ಬಿಟ್ಟು ಎಕ್ಸ್‌ರೆಫ್ (ಹೊರಗಿನ ಫೈಲಿನ ಜೋಡಣೆ) ಆಗಿ ತನ್ನಿ.

ನಿಮ್ಮ ಸೈಟಿನ ತಾಳೆಗೆ ಕರ್ಣ ಅಳೆಯಿರಿ. 30, 40 ಇದ್ದರೆ ಕರ್ಣ 50 ಅಡಿ, 15240 ಬರಬೇಕು. ಏರಿಯಾ 111483648 ಬರಬೇಕು, ಅಂದರೆ 111.48 ಚದರ ಮೀಟರ್.

ನಕ್ಷೆಮನೆ:
ಮೂಲ ಫೈಲಿನಿಂದ ಮತ್ತೆ ಮಾಡಿದೆ. ಕರ್ಣ 15240, ಏರಿಯಾ ಸರಿಯಾಗಿ ಬಂತು, ಗ್ರಿಡ್ ಜಾಗಕ್ಕೆ ಕೂತಿದೆ. ಆದರೆ ಅಡುಗೆಮನೆಯ ಓವರ್‌ರೈಡ್ ಅಳಿಸಿದರೆ 3048 ಬದಲು 2972 ತೋರಿಸುತ್ತಿದೆ. ಗೋಡೆ ಎಳೆದು ಸರಿಮಾಡಲೇ?

ಮೂಲೆಮಟ್ಟ:
ಬೇಡ. 2972 ಅಂದರೆ 9 ಅಡಿ 9 ಇಂಚು. ಗೋಡೆ ಸರಿಸಿದ ಮೇಲೆ ಯಾರೋ 10 ಅಂತ ಬರೆದಿಟ್ಟಿದ್ದಾರೋ, ಗೆರೆಯೇ ತಪ್ಪೋ ಅನ್ನುವುದು ಫೈಲಿನಿಂದ ತಿಳಿಯುವುದಿಲ್ಲ. ಪಕ್ಕದ ಕೋಣೆಯ 3 ಇಂಚೂ ಇದರಲ್ಲಿ ಸೇರಿದೆ. ಆ ಜಾಗಕ್ಕೆ ರಿವಿಷನ್ ಕ್ಲೌಡ್ (ಗಮನ ಸೆಳೆಯುವ ಮೋಡದಾಕಾರದ ಗೆರೆ) ಹಾಕಿ, ಎರಡೂ ಅಂಕಿ ಬರೆದು, ಪ್ಲಾನ್ ಮಾಡಿದವರಿಗೆ ಕಳಿಸಿ. ಉತ್ತರ ಬರುವವರೆಗೆ 2972 ಅಂತಲೇ ಇರಲಿ.